ಹದಿನಾಲ್ಕು ವರ್ಷ ಕಾದ ಮನೆ

(ವಾರ್ಷಿಕ ಉತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ಕುಂಬಳೆ ಸೀಮೆಯಲ್ಲಿ ಪಾದುಕಾಪ್ರದಾನದ ತಾಳಮದ್ದಳೆ ಕೇಳದವರು ಕಡಿಮೆ. ಪಾರ್ತಿಸುಬ್ಬನ ಊರಲ್ಲವೇ! ಭರತ ಚಿತ್ರಕೂಟಕ್ಕೆ ಬಂದು ಅಣ್ಣನ ಕಾಲಿಗೆ ಬೀಳುವಾಗ ಸಭೆಯಲ್ಲಿ ಕಣ್ಣೊರೆಸಿಕೊಳ್ಳುವವರು ಎಷ್ಟೋ ಮಂದಿ. ಬೆಳಗಾದರೆ ಅವರಲ್ಲೇ ಕೆಲವರು, ಅಣ್ಣನ ತೋಟದ ಬೇಲಿ ಅರ್ಧ ಅಡಿ ಇತ್ತ ಸರಿದಿದೆಯೋ ಎಂದು ಅಳೆಯಲು ಹೊರಡುತ್ತಾರೆ. ಕಣ್ಣೀರಿನ ಲೆಕ್ಕ ಬೇರೆ, ಬೇಲಿಯ ಲೆಕ್ಕ ಬೇರೆ.

ಶ್ರೀರಾಮನನ್ನು ಕಾಡಿಗೆ ಕಳುಹಿಸಿದ್ದು ಹೊರಗಿನ ವೈರಿಯಲ್ಲ, ಮನೆಯವರೇ. ಅದೂ ಪಟ್ಟಾಭಿಷೇಕಕ್ಕೆ ಎಲ್ಲ ಸಿದ್ಧವಾಗಿದ್ದಾಗ. ಭರತನೇ ತಾಯಂದಿರನ್ನೂ ಗುರುಗಳನ್ನೂ ಸೈನ್ಯವನ್ನೂ ಕರೆದುಕೊಂಡು ಬಂದು, ರಾಜ್ಯ ನಿನ್ನದು, ಬಾ ಎಂದು ಬೇಡಿದನು. ರಾಮನು ಹೋಗಬಹುದಿತ್ತು, ತಪ್ಪೆನ್ನುವವರು ಯಾರೂ ಇರಲಿಲ್ಲ. ಆದರೆ ತಂದೆಯ ಮಾತಿಗೆ ಹದಿನಾಲ್ಕು ವರ್ಷದ ಅವಧಿ ಇತ್ತು. ಅವಧಿ ಮುಗಿಯದೆ ಬರುವುದಿಲ್ಲವೆಂದನು. ಭರತನೂ ಸಿಂಹಾಸನದ ಮೇಲೆ ಕೂರದೆ, ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ನಂದಿಗ್ರಾಮದಲ್ಲಿ ನಾರುಡೆ ಉಟ್ಟು ಕಾದನು.

ಇಲ್ಲಿ ಒಂದು ಸಣ್ಣ ವಿಷಯವನ್ನು ಕಥೆ ಕೇಳುವವರು ಬಿಟ್ಟುಬಿಡುತ್ತಾರೆ. ಭರತನನ್ನು ಬೀಳ್ಕೊಡುವಾಗಲೇ ರಾಮನು, ಕೈಕೇಯಿಯನ್ನು ಚೆನ್ನಾಗಿ ನೋಡಿಕೋ, ಆಕೆಯ ಮೇಲೆ ಸಿಟ್ಟು ಮಾಡಬೇಡ ಎಂದು ಆಣೆ ಹಾಕಿ ಹೇಳಿದನೆಂದು ವಾಲ್ಮೀಕಿ ಬರೆದಿದ್ದಾರೆ. ಅದು ವನವಾಸದ ಆರಂಭದಲ್ಲಿ, ನೋವು ಹಸಿಯಾಗಿದ್ದಾಗ. ರಾಜ್ಯಕ್ಕೆ ಹದಿನಾಲ್ಕು ವರ್ಷ ಬೇಕಾಯಿತು. ಸಿಟ್ಟು ಬಿಡುವುದಕ್ಕೆ ಬೇಕಾಗಲಿಲ್ಲ. ಲೋಕದಲ್ಲಿ ಇದು ತಿರುಗಾಮುರುಗಾ ಆಗಿದೆ. ಪಾಲು ಇವತ್ತೇ ಸಿಗಬೇಕು, ಕ್ಷಮೆ ಮಾತ್ರ ಕಾಲ ಬಂದಾಗ ನೋಡೋಣ!

ದೇವರ ಸಮಯವೆಂದರೆ ಕೈಕಟ್ಟಿ ಕೂರುವುದಲ್ಲ. ಅಡಿಕೆ ಸಸಿ ನೆಟ್ಟವನು ಫಸಲಿಗೆ ಐದಾರು ವರ್ಷ ಕಾಯಲೇಬೇಕು, ಆದರೆ ಬೇಸಗೆಯಲ್ಲಿ ನೀರು ಹಾಯಿಸದೆ ಕಾದರೆ ಸಸಿಯೇ ಉಳಿಯದು. ಮಧೂರಿನಲ್ಲಿ 1992ರಲ್ಲಿ ಮೂಡಪ್ಪ ಸೇವೆ ನಡೆದ ಮೇಲೆ ಮತ್ತೆ ಆ ಭಾಗ್ಯ ಒದಗಿದ್ದು 2025ರಲ್ಲಿ. ನಡುವಿನ 33 ವರ್ಷವೂ ನಿತ್ಯಪೂಜೆ ನಿಲ್ಲಲಿಲ್ಲ. ಅಷ್ಟರಲ್ಲಿ ಒಂದು ತಲೆಮಾರೇ ಬದಲಾಯಿತು. ಮೊದಲನೆಯದನ್ನು ಕಂಡ ಅಣ್ಣತಮ್ಮಂದಿರಲ್ಲಿ ಇಬ್ಬರೂ ಎರಡನೆಯದಕ್ಕೆ ಉಳಿದ ಮನೆಗಳು ಎಷ್ಟು?

ಕೇರಳದಲ್ಲಿ ಕೂಡುಕುಟುಂಬ ಪದ್ಧತಿಯನ್ನು ರದ್ದು ಮಾಡಿದ 1975ರ ಕಾನೂನು 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಆಸ್ತಿಗೆ ಪಾಲಾಯಿತು. ನಾಗಬನಕ್ಕೆ ಪಾಲು ಮಾಡಲು ಬರುವುದಿಲ್ಲವಲ್ಲ! ನಾಗರ ಪಂಚಮಿಯ ದಿನ ಒಬ್ಬ ಏಳು ಗಂಟೆಗೆ ತಂಬಿಲಕ್ಕೆ ಬಂದರೆ, ಇನ್ನೊಬ್ಬ ಅವನು ಹೋದದ್ದನ್ನು ದೂರದಿಂದ ನೋಡಿಕೊಂಡು ಹತ್ತು ಗಂಟೆಗೆ ಬರುತ್ತಾನೆ. ಕಲ್ಲು ಒಂದೇ, ಹಾಲು ಎರಡು ತಂಬಿಗೆ. ಮಾತು ಬಿಟ್ಟು ಇಪ್ಪತ್ತು ವರ್ಷವಾದರೂ, ಒಂದು ಮನೆಯಲ್ಲಿ ಸಾವಾದರೆ ಇನ್ನೊಂದು ಮನೆಗೆ ಸೂತಕ ತಪ್ಪುವುದಿಲ್ಲ. ಸೂತಕ ಹಿಡಿಯುವ ಸಂಬಂಧ, ಕಾಯಿಲೆಯಲ್ಲಿ ಮಲಗಿದಾಗ ಒಂದು ಲೋಟ ಗಂಜಿ ಕೊಡುವುದಕ್ಕೆ ಇಲ್ಲವೆಂದರೆ ಹೇಗೆ? ಇವರಿಬ್ಬರ ನಡುವೆ ತಾಯಿಯೊಬ್ಬಳಿರುತ್ತಾಳೆ. ಒಬ್ಬನ ಮನೆಯಲ್ಲಿ ಉಂಡದ್ದನ್ನು ಇನ್ನೊಬ್ಬನ ಮನೆಯಲ್ಲಿ ಹೇಳದೆ ದಿನ ದೂಡುತ್ತಾಳೆ.

ಅಂಗಡಿಯವರಿಗೆ ಗೊತ್ತು, ದೀಪಾವಳಿಗೆ ಹೊಸ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿದರೂ ಹಳೆಯ ಕಡದ ಬಾಕಿ ಮೊದಲ ಪುಟಕ್ಕೇ ಬಂದು ಕೂರುತ್ತದೆ. ವ್ಯಾಪಾರದಲ್ಲಿ ಅದು ಸರಿ. ಸಂಬಂಧದಲ್ಲಿಯೂ ಹಾಗೆಯೇ ಎತ್ತಿ ಬರೆಯುತ್ತಾ ಹೋದರೆ, ಮಕ್ಕಳು ತಾವು ಪಡೆಯದ ಸಾಲಕ್ಕೆ ಬಡ್ಡಿ ಕಟ್ಟುತ್ತಾರೆ. ದೊಡ್ಡಪ್ಪನ ಮಗನೊಡನೆ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗ, ಕಾರಣ ತಿಳಿಯದೆಯೇ ಮುಖ ತಿರುಗಿಸುತ್ತಾನೆ.

ಹಾಗೆಂದು ಹಕ್ಕು ಬಿಟ್ಟುಕೊಡಬೇಕೆಂದಲ್ಲ. ಅಳತೆ ಮಾಡಿಸಿ, ಪಾಲುಪತ್ರ ಬರೆಸಿ, ರಿಜಿಸ್ಟ್ರಿ ಮಾಡಿಸಿಕೊಳ್ಳುವುದು ಒಳ್ಳೆಯದೇ. ಬಾಯಿಮಾತಿನ ಪಾಲೇ ಎಷ್ಟೋ ಜಗಳಗಳ ಬೇರು. ಗಡಿಕಲ್ಲು ಗದ್ದೆಯಲ್ಲಿರಲಿ, ಮದುವೆ ಚಪ್ಪರದ ನಡುವೆ ಬೇಡ.

ಯುದ್ಧ ಮುಗಿದ ಮೇಲೆ ದಶರಥನು ದಿವ್ಯರೂಪದಿಂದ ಬಂದು ಮಗನನ್ನು ಅಪ್ಪಿಕೊಂಡನಷ್ಟೆ. ಆಗ ರಾಮನು ಕೇಳಿದ್ದೇನು? ಕೈಕೇಯಿಯನ್ನು ಮಗನ ಸಹಿತ ತ್ಯಜಿಸಿದ್ದೇನೆಂದು ಹಿಂದೆ ಆಡಿದ ಘೋರವಾದ ಮಾತು ಅವರಿಗೆ ತಟ್ಟದಿರಲಿ ಎಂದು. ದಶರಥನು ಆಗಲಿ ಎಂದನು. ಸತ್ತ ತಂದೆಯ ಸಿಟ್ಟನ್ನೂ ಮಗ ಇಳಿಸಿದನು. ಆಮೇಲೆಯೇ ಅಯೋಧ್ಯೆಯ ದಾರಿ.

ಉತ್ಸವದ ಅನ್ನಸಂತರ್ಪಣೆ ಮಧ್ಯಾಹ್ನ ಹನ್ನೆರಡೂವರೆಗೆ. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಎಂಬ ಗುರುತು ಹಾಕಿಲ್ಲ. ಎಲೆ ಹಾಕುವ ಹುಡುಗರಿಗೆ ಯಾರ ಮನೆಯ ಜಗಳವೂ ತಿಳಿಯದು. ಖಾಲಿ ಕಂಡಲ್ಲಿ ಕುಳಿತುಕೊಳ್ಳಿರಿ. ಪಕ್ಕದವರು ತಮ್ಮನೇ ಆಗಿದ್ದರೆ ಉಪ್ಪು ಇತ್ತ ಕೊಡು ಎಂದು ಕೇಳಿರಿ.