ಹಾಸನದ ನೆಲ ಎಷ್ಟು ಜನರನ್ನು ತಾಳೀತು?



ಹೆಣ್ಣು ಕೊಡುವ ಮುನ್ನ ಹಿರಿಯರು ವಿಚಾರಿಸುತ್ತಿದ್ದುದು ಎರಡೇ ಮಾತು: ಜಮೀನೆಷ್ಟು, ಉಣ್ಣುವ ಬಾಯೆಷ್ಟು? ಇದೇ ಪ್ರಶ್ನೆಯನ್ನು ಒಂದು ಸೀಮೆಗೆ ಹಾಕಿದರೆ ತಜ್ಞರು ಅದನ್ನು ‘ಧಾರಣಾ ಸಾಮರ್ಥ್ಯ’ ಎನ್ನುತ್ತಾರೆ.

ಹಾಸನ ಜಿಲ್ಲೆಯ ವಿಸ್ತೀರ್ಣ 6,814 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 17,76,421. ಹಂಚಿದರೆ ತಲೆಗೆ 38 ಗುಂಟೆ. ಅದೂ ಸಕಲೇಶಪುರದ ಕಾಡು, ಕೆರೆಯಂಗಳ, ರಸ್ತೆ, ಬಸ್ ನಿಲ್ದಾಣ ಎಲ್ಲ ಸೇರಿ!

ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯವೆಂದರೆ ವರ್ಷಕ್ಕೆ ಸುಮಾರು ಒಂದೂವರೆ ಕ್ವಿಂಟಲ್. ಹದವಾಗಿ ಮಳೆಯಾಗಿ ಎಕರೆಗೆ ಆರು ಕ್ವಿಂಟಲ್ ರಾಗಿ ಬಂತೆಂದು ಇಟ್ಟುಕೊಂಡರೆ ನಾಲ್ವರ ಊಟವಾಯಿತು. ಕಾಗದದ ಮೇಲೆ ಚಿಂತೆಯಿಲ್ಲ. ಆದರೆ ಹೊಟ್ಟೆ ಸರಾಸರಿಯನ್ನು ಒಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟು ಮಂದಿ ಉಳಿದಾರು ಎಂಬುದೇ ನಿಜವಾದ ಅಳತೆ. ಮೇಲಾಗಿ ರಾಗಿಯಿಂದ ಶಾಲೆಯ ಫೀಜು ಕಟ್ಟಲಾಗದು. ಅದಕ್ಕೇ ಅರಕಲಗೂಡಿನಲ್ಲಿ ಹೊಗೆಸೊಪ್ಪು, ಶುಂಠಿ, ಆಲೂಗಡ್ಡೆ, ಚನ್ನರಾಯಪಟ್ಟಣದಲ್ಲಿ ತೆಂಗು. ಆ ಹೊಲಗಳು ಎಷ್ಟು ಜನರನ್ನು ಸಾಕುತ್ತವೆ ಎಂಬುದನ್ನು ಮಣ್ಣಿಗಿಂತ ಮಾರುಕಟ್ಟೆಯ ದರವೇ ತೀರ್ಮಾನಿಸುತ್ತದೆ.

ನೀರಿನ ಲೆಕ್ಕ ಇನ್ನೂ ವಿಚಿತ್ರ. ಗೊರೂರಿನ ಹೇಮಾವತಿ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. 2019ರ ಜಲಜೀವನ್ ಮಿಷನ್ ಹಳ್ಳಿಗರಿಗೆ ನಿಗದಿ ಮಾಡಿದ್ದು ದಿನಕ್ಕೆ ತಲಾ 55 ಲೀಟರ್. ಆ ಪ್ರಮಾಣದಲ್ಲಿ ಕೊಟ್ಟರೆ ಇಡೀ ಜಿಲ್ಲೆಗೆ ವರ್ಷವಿಡೀ ಒಂದೂಕಾಲು ಟಿಎಂಸಿ ಸಾಕು. ಹಾಗಾದರೆ ಜಗಳವೇಕೆ? ನೀರು ಕುಡಿಯುವುದು ಮನುಷ್ಯನಲ್ಲ, ಅವನ ಗದ್ದೆ. ಭತ್ತಕ್ಕೆ ಒಂದು ಬೆಳೆಗೆ ನಾಲ್ಕು ಅಡಿ ನೀರೆಂದರೆ ಒಂದು ಟಿಎಂಸಿಯಲ್ಲಿ ನೆನೆಯುವುದು ಆರು ಸಾವಿರ ಎಕರೆಗೂ ಕಡಿಮೆ. ಆ ನೀರಾದರೂ ಹಾಸನದ್ದೊಂದೇ ಅಲ್ಲ. ತುಮಕೂರಿನ ನಾಲೆ ಕಾದಿದೆ, ಮಂಡ್ಯ ಕಾದಿದೆ. ಕಾವೇರಿ ಕಣಿವೆಯಲ್ಲಿ ಇಡೀ ಕರ್ನಾಟಕಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಗೊತ್ತುಮಾಡಿದ್ದೇ 284.75 ಟಿಎಂಸಿ. ಹೊಳೆನರಸೀಪುರದವರು ಊರ ಮುಂದೆ ಹೊಳೆ ಹರಿಯುವುದನ್ನು ನೋಡಬಹುದು, ಹರಿಯುವುದೆಲ್ಲ ಅವರದಲ್ಲ.

ಅಣೆಕಟ್ಟೆ ನೆಲದ ಶಕ್ತಿಯನ್ನು ಹೆಚ್ಚಿಸಿತು ಎನ್ನುವವರು ಬೇಸಿಗೆಯಲ್ಲಿ ಶೆಟ್ಟಿಹಳ್ಳಿಗೆ ಹೋಗಿಬರಬೇಕು. ಹಿನ್ನೀರು ಇಳಿದಾಗ ಹಳೆಯ ಚರ್ಚಿನ ಗೋಡೆಗಳು ಮೇಲೇಳುತ್ತವೆ. ಸುತ್ತಲೂ ಒಕ್ಕಲಿದ್ದ ಜಾಗವದು. ಕೆಳಗೆ ನಾಲೆಯ ಬಯಲು ಸಾಕಬಲ್ಲ ಜನ ಹೆಚ್ಚಿದರು; ಇಲ್ಲಿ ಶೂನ್ಯಕ್ಕಿಳಿದರು. ಜಿಲ್ಲೆಯ ಸರಾಸರಿಯಲ್ಲಿ ಈ ಕಳೆಯುವ ಲೆಕ್ಕ ಕಾಣುವುದೇ ಇಲ್ಲ.

2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು, ಹಾಸನದ್ದು ಶೇ. 3.2 ಮಾತ್ರ. ಹೆರಿಗೆಗಳು ಕಡಿಮೆಯಾದದ್ದು ಒಂದು ಕಾರಣ, ಬೆಂಗಳೂರಿನ ಬಸ್ಸು ಇನ್ನೊಂದು. ತಜ್ಞರು ಸಂಖ್ಯೆ ಹೇಳುವ ಮೊದಲೇ ಹುಡುಗರು ಉತ್ತರ ಕೊಟ್ಟು ಹೊರಟಿದ್ದಾರೆ. ಆದರೆ ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಕಾವೇರಿ ನೀರೇ, ಹೇಮಾವತಿ ಕೂಡಿಕೊಂಡ ಕಾವೇರಿ. ಊರು ಬಿಟ್ಟವರನ್ನು ಹೊಳೆಯ ಲೆಕ್ಕದಿಂದ ತೆಗೆಯಲಾಗುವುದಿಲ್ಲ.