ಮತ್ತೆ ಸ್ಲೇಟು ಹಿಡಿದವರು

(ವಯಸ್ಕರಿಗೆ ಗಣಿತ ಕಲಿಸಲು ಮುಂದಾದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)





ಗಣಿತದ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ಒಂದೇ: ನಾನು ಅದನ್ನು ತಡವಾಗಿ ಕಲಿತವನು. ಮದ್ರಸದಲ್ಲಿದ್ದಾಗ ವಾರಸು ಹಕ್ಕಿನ ಪಾಲುಗಳೆಲ್ಲ ನನಗೆ ಕಂಠಪಾಠವಾಗಿದ್ದವು. ಮೃತನಿಗೆ ಮಕ್ಕಳಿದ್ದರೆ ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು ಎಂದು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದೆ. ಎರಡನ್ನೂ ಕಳೆದರೆ ಉಳಿಯುವುದೆಷ್ಟು ಎಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಕಾಲೇಜಿನಲ್ಲಿ ಕಲಾ ವಿಭಾಗ ಸೇರಿ ಆ ಭಯವನ್ನು ಬಚ್ಚಿಟ್ಟುಕೊಂಡೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತದ ಗ್ರಂಥದಲ್ಲಿ ಬಹುದೊಡ್ಡ ಭಾಗ ಉಯಿಲು ಮತ್ತು ವಾರಸು ಲೆಕ್ಕಗಳೇ ಎಂಬುದು ನನಗೆ ತಿಳಿದದ್ದು ಆಮೇಲೆ.

ಮಗುವಿಗೆ ಲೆಕ್ಕ ಬಾರದಿದ್ದರೆ ಅದಕ್ಕೆ ನಾಚಿಕೆಯಿಲ್ಲ. ನಲ್ವತ್ತು ದಾಟಿದವರು ಹಾಗಲ್ಲ. ತಪ್ಪಿತಸ್ಥರಂತೆ ತಲೆತಗ್ಗಿಸಿ ಕುಳಿತುಕೊಳ್ಳುತ್ತಾರೆ. “ಇಷ್ಟೂ ಗೊತ್ತಿಲ್ಲವೇ?” ಎಂದು ನೀವು ಒಮ್ಮೆ ಕೇಳಿದರೆ ಸಾಕು, ಮರುದಿನ ಅವರ ಮನೆಗೆ ನೆಂಟರು ಬಂದಿರುತ್ತಾರೆ!

ಆದರೆ ಅವರು ಬರಿಗೈಯಲ್ಲಿ ಬಂದವರಲ್ಲ. ನಮ್ಮ ಕರಾವಳಿಯ ತರಗತಿಯೊಂದರಲ್ಲಿ ಬೀಡಿ ಕಟ್ಟುವ ತಾಯಿಯೊಬ್ಬರು, “ನನಗೆ ಶೇಕಡಾ ಎಂದರೆ ತಲೆಗೆ ಹತ್ತುವುದಿಲ್ಲ ಮಗಾ” ಎಂದರು. ಸಾವಿರ ಬೀಡಿಗೆ ಎಷ್ಟು ಕಟ್ಟು ಎಂದು ಕೇಳಿದೆ. “ಇಪ್ಪತ್ತೈದರಂತೆ ನಲ್ವತ್ತು,” ಉತ್ತರಕ್ಕೆ ಕ್ಷಣವೂ ಬೇಕಾಗಲಿಲ್ಲ. ಅದರಲ್ಲಿ ಒಂದು ಕಟ್ಟನ್ನು ಬೇರೆ ಇಟ್ಟರೆ ಸಾವಿರಕ್ಕೆ 25, ಅಂದರೆ ನೂರಕ್ಕೆ ಎರಡೂವರೆ. ಝಕಾತಿನ ಲೆಕ್ಕವೂ ಅದೇ, ನಲ್ವತ್ತರಲ್ಲಿ ಒಂದು. ಅವರು ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಗುತ್ತಿಗೆದಾರ ಸರಿಯಿಲ್ಲವೆಂದು ಸಾವಿರದಲ್ಲಿ ಐವತ್ತು ತೆಗೆದಿಟ್ಟರೆ ನೂರಕ್ಕೆ ಐದು ಹೋಯಿತಲ್ಲ?” ಎಂದರು. ಆ ಪ್ರಶ್ನೆ ನಾನು ಕಲಿಸಿದ್ದಲ್ಲ.

ಭಿನ್ನರಾಶಿಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. 1/8ಕ್ಕೆ 1/6 ಕೂಡಿಸಿರೆಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/14 ಎನ್ನುತ್ತಾರೆ. ದಯವಿಟ್ಟು ಕೂಡಲೇ ಕೆಂಪು ಗೆರೆ ಎಳೆಯಬೇಡಿ. 2/14 ಎಂದರೆ ಏಳನೇ ಒಂದು. ತಾಯಿಯೊಬ್ಬರ ಪಾಲೇ ಆರನೇ ಒಂದಾಗಿರುವಾಗ, ಪತ್ನಿಯ ಪಾಲು ಸೇರಿದ ಮೇಲೆ ಅದು ಕಡಿಮೆಯಾಗುವುದುಂಟೇ ಎಂದು ಕೇಳಿ, ಕಾಯಿರಿ. ತಪ್ಪು ಅವರಿಗೇ ಕಾಣುತ್ತದೆ. ಬಳಿಕ ಆಸ್ತಿಯನ್ನು 24 ಸಮಪಾಲು ಮಾಡಿಸಿ: ಪತ್ನಿಗೆ 3, ತಾಯಿಗೆ 4, ಉಳಿದದ್ದು 17. ಬೇರೆ ವಾರಸುದಾರರಿಲ್ಲದಿದ್ದರೆ ಅದು ಗಂಡು ಹೆಣ್ಣು ಮಕ್ಕಳದು. ಲ.ಸಾ.ಅ. ಎಂಬ ಹೆಸರು ಆಮೇಲೆ ಬರಲಿ, ಅವಸರವಿಲ್ಲ. ಹೆಸರಿನಿಂದಲೇ ಶುರು ಮಾಡಿ ನಾನು ಎರಡು ವಾರ ಕಳೆದುಕೊಂಡಿದ್ದೇನೆ.

ಈ ಪಾಠವಾದ ಮರುದಿನ ವಿಧವೆ ಸಹೋದರಿಯೊಬ್ಬರು ತಮ್ಮ ಮನೆಯ ಪಾಲುಪಟ್ಟಿಯನ್ನೇ ಸೆರಗಿನಲ್ಲಿ ಮಡಚಿ ತಂದಿದ್ದರು. ಎಂಟನೇ ಒಂದೆಂದು ಬರೆದಿದ್ದ ಜಾಗದಲ್ಲಿ ಮೊತ್ತ ಕಡಿಮೆ ಇದೆಯೆಂಬ ಸಂಶಯ ಅವರದು. ಅದನ್ನು ಹಲಗೆಯ ಮೇಲೆ ಬರೆಯಲಿಲ್ಲ. ಎಲ್ಲರೂ ಹೋದ ಮೇಲೆ ಕುಳಿತು ನಾಲ್ಕು ಬಾರಿ ಲೆಕ್ಕ ಹಾಕಿದೆವು. ನಾಲ್ಕನೆಯ ಬಾರಿ ಸೀಮೆಸುಣ್ಣ ಅವರ ಕೈಯಲ್ಲಿತ್ತು.