ಮಗುವಿನ ಎಣಿಕೆ, ಮನೆಯ ಮಾತು



ಮಗುವಿನ ಬುದ್ಧಿ ಬೆಳೆಯುವುದರಲ್ಲಿ ಮನೆ, ಭಾಷೆ, ಓಣಿ, ಸಂತೆ ಇವುಗಳ ಪಾಲು ಎಷ್ಟು ಎಂಬುದು ಇಂದಿನ ವಿಷಯ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನನಗೆ ಗೊತ್ತಿರುವುದು ಎಣಿಕೆ. ಆದ್ದರಿಂದ ಇಷ್ಟು ದೊಡ್ಡ ವಿಷಯದಲ್ಲಿ ಎಣಿಕೆ ಎಂಬ ಒಂದೇ ಎಳೆಯನ್ನು ಹಿಡಿದು ನಾಲ್ಕು ಮಾತು ಹೇಳುತ್ತೇನೆ.

ಸೊಲ್ಲಾಪುರ ಜಿಲ್ಲೆಯ ನಮ್ಮ ಕಡೆ ಬ್ಯಾಂಕಿಗೆ ಬರುವ ಅನೇಕರು ನನ್ನೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದರು, ಸ್ಲಿಪ್ಪನ್ನೂ ಮರಾಠಿಯಲ್ಲೇ ತುಂಬುತ್ತಿದ್ದರು. ಆದರೆ ನೋಟು ಕೈಗೆ ಬಂದ ಮೇಲೆ ಅವರ ತುಟಿ ಅಲುಗುತ್ತಿದ್ದುದು ಕನ್ನಡದಲ್ಲಿ. ‘ಇಪ್ಪತ್ತೊಂದು, ಇಪ್ಪತ್ತೆರಡು’ ಎಂದು ಮೆಲ್ಲಗೆ ಎಣಿಸುತ್ತಿದ್ದರು. ದುಡ್ಡಿನ ಲೆಕ್ಕದಲ್ಲಿ ತಪ್ಪಲು ಯಾರಿಗೂ ಇಷ್ಟವಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯ ಎಳೆತನದಲ್ಲಿ ಕಲಿತ ಮಾತಿನ ಕೈ ಹಿಡಿಯುತ್ತಾನೆ.

ಆ ಮಾತು ಒಳಗೆ ಇಳಿದದ್ದು ಹೇಗೆ? ರಷ್ಯಾದಲ್ಲಿ ಲೆವ್ ವೈಗೋಟ್‌ಸ್ಕಿ ಎಂಬ ವಿದ್ವಾಂಸರಿದ್ದರು. 1896ರಲ್ಲಿ ಹುಟ್ಟಿದ ಅವರು ಕ್ಷಯರೋಗದಿಂದ 1934ರಲ್ಲಿ, ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡರು. ಅವರ ವಿಚಾರದ ಸಾರ ಇಷ್ಟು: ಮಗುವಿನ ಬುದ್ಧಿಶಕ್ತಿ ಮೊದಲು ಇಬ್ಬರ ನಡುವೆ ಕಾಣಿಸಿಕೊಳ್ಳುತ್ತದೆ, ಆಮೇಲೆ ಮಗುವಿನ ಒಳಗೆ ನೆಲೆಸುತ್ತದೆ. ಇಂದು ಹಿರಿಯರ ಸಹಾಯದಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ.

ಇದಕ್ಕೆ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ಅಜ್ಜಿ ರೊಟ್ಟಿ ಬಡಿಯುತ್ತಾ, ‘ತಮ್ಮಾ, ಬುಟ್ಟ್ಯಾಗ ಎಷ್ಟ್ ರೊಟ್ಟಿ ಆದ್ವು, ಎಣಸು ನೋಡೋಣ’ ಎನ್ನುತ್ತಾಳೆ. ಹುಡುಗ ಏಳರವರೆಗೆ ಬಂದು ನಿಲ್ಲುತ್ತಾನೆ. ‘ಏಳರ ಮುಂದ ಏನು?’ ಎಂದು ಅಜ್ಜಿ ಕೇಳುತ್ತಾಳೆ. ಕೆಲವು ದಿನಗಳ ಮೇಲೆ ‘ಏಳರ ಮುಂದ?’ ಎಂಬ ಪ್ರಶ್ನೆಯನ್ನು ಹುಡುಗ ತನಗೆ ತಾನೇ ಕೇಳಿಕೊಳ್ಳುತ್ತಾನೆ. ಅಜ್ಜಿಯ ದನಿ ಅವನ ಬುದ್ಧಿಯಾಗಿಬಿಟ್ಟಿದೆ.

ಇನ್ನು ಎಣಿಕೆಯ ಮಾತುಗಳನ್ನು ನೋಡಿ. ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ದಾರಿ ನೇರ. ಇಪ್ಪತ್ತು, ಮೂವತ್ತು ಎಂಬ ಹತ್ತುಗಳ ಹೆಸರು, ಒಂದರಿಂದ ಒಂಬತ್ತು, ಇಷ್ಟು ಬಂದರೆ ತೊಂಬತ್ತೊಂಬತ್ತರವರೆಗೆ ಮಗು ತಾನೇ ಕಟ್ಟಿಕೊಂಡು ಹೋಗುತ್ತದೆ. ಮರಾಠಿಯಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ’, ಅಂದರೆ ಒಂದು ಮೊದಲು, ಇಪ್ಪತ್ತು ಆಮೇಲೆ. ಇಪ್ಪತ್ತೊಂಬತ್ತಕ್ಕೆ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ತೊಂಬತ್ತು ‘ನವ್ವದ’, ತೊಂಬತ್ತೆರಡು ‘ಬ್ಯಾಣ್ಣವ’. ಬರೆಯುವಾಗ ಹತ್ತು ಮೊದಲು, ಹೇಳುವಾಗ ಒಂದು ಮೊದಲು. ‘ಪಂಚೇಚಾಳೀಸ’ ಎಂದು ಕೇಳಿದ ಎಳೆಯ ಮಗು 45 ಬರೆಯುವಲ್ಲಿ 54 ಬರೆದರೆ ಅದು ದಡ್ಡತನವಲ್ಲ.

1995ರಲ್ಲಿ ಕೆವಿನ್ ಮಿಲ್ಲರ್ ಎಂಬ ಸಂಶೋಧಕರು ತಮ್ಮ ಸಂಗಡಿಗರೊಂದಿಗೆ ಚೀನಾ ಮತ್ತು ಅಮೆರಿಕದ ಪುಟ್ಟ ಮಕ್ಕಳ ಎಣಿಕೆಯನ್ನು ಹೋಲಿಸಿ ಪ್ರಕಟಿಸಿದರು. ಹತ್ತರವರೆಗೆ ಎರಡೂ ದೇಶದ ಮಕ್ಕಳು ಸಮಸಮ. ಹತ್ತು ದಾಟಿದ ಕೂಡಲೇ ಅಮೆರಿಕದ ಮಕ್ಕಳು ಹಿಂದೆ ಬಿದ್ದರು. ಚೀನೀ ಭಾಷೆಯಲ್ಲಿ ಹನ್ನೊಂದನ್ನು ‘ಹತ್ತು-ಒಂದು’ ಎನ್ನುತ್ತಾರೆ. ಇಂಗ್ಲಿಷಿನ ‘ಇಲೆವನ್’ನಲ್ಲಿ ಹತ್ತು ಕಾಣುವುದಿಲ್ಲ. ಹೆಸರಿನ ದಾರಿ ಬೇರೆಯಾದ ಕಡೆಯಲ್ಲೇ ಮಕ್ಕಳ ಎಣಿಕೆಯೂ ಬೇರೆಯಾಯಿತು.

ಮಹಾರಾಷ್ಟ್ರದಲ್ಲಿಯೂ ಇದರ ಚರ್ಚೆ ನಡೆದಿದೆ. 2019ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ಏಕವೀಸವನ್ನು ‘ವೀಸ ಏಕ’ ಎಂದೂ ಓದುವ ಕ್ರಮ ಬಂತು. ವಿಧಾನಸಭೆಯವರೆಗೂ ಮಾತು ಹೋಯಿತು. ಭಾಷೆ ಕೆಡುತ್ತದೆ ಎಂದು ಹಲವರು ಸಿಟ್ಟಾದರು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಗಣಿತಜ್ಞೆ ಮಂಗಳಾ ನಾರಳೀಕರ ಅವರು ಮಕ್ಕಳಿಗೆ ಸುಲಭವಾಗಲೆಂದೇ ಇದನ್ನು ಸಮರ್ಥಿಸಿದರು. ಯಾರ ಪಕ್ಷ ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆ ಹೊಸ ಕ್ರಮ ನಮ್ಮ ಮನೆಗಳ ಹಳೆಯ ಕ್ರಮ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಹಾಗೆಂದು ಮರಾಠಿಯನ್ನು ಕಡಿಮೆ ಎನ್ನಬೇಡಿ. ಅದರ ಸಿರಿ ಬೇರೆ ಕಡೆ ಇದೆ. ನೂರೈವತ್ತಕ್ಕೆ ‘ದೀಡಶೇ’, ಇನ್ನೂರೈವತ್ತಕ್ಕೆ ‘ಅಡೀಚಶೇ’, ನೂರಾ ಎಪ್ಪತ್ತೈದಕ್ಕೆ ‘ಪಾವಣೆದೋನಶೇ’. ಕಾಲು, ಅರ್ಧ, ಒಂದೂವರೆಗಳಿಗೂ ಹಿಂದಿನ ಶಾಲೆಗಳಲ್ಲಿ ಪಾವಕಿ, ನಿಮಕಿ, ದಿಡಕಿ ಎಂಬ ಮಗ್ಗಿಗಳಿದ್ದವು. ಅವನ್ನು ಬಾಯಿಪಾಠ ಮಾಡಿದ ಅಡತಿ ಅಂಗಡಿಯ ಮುನೀಮರಿಗೆ ಯಂತ್ರ ಬೇಕಿರಲಿಲ್ಲ. ಗಡಿಯ ಮಗುವಿಗೆ ಎರಡೂ ಸಿಗಬಹುದು: ಹತ್ತುಗಳನ್ನು ಕಾಣಿಸುವ ಕನ್ನಡ, ಭಿನ್ನರಾಶಿಯನ್ನು ನಾಲಿಗೆಯ ಮೇಲೆ ಕೂರಿಸುವ ಮರಾಠಿ.

ಇನ್ನು ಸಂತೆ. ಕೋಲ್ಕತ್ತಾ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,436 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ತೂಕ, ದರ, ಚಿಲ್ಲರೆಯ ತೊಡಕಿನ ಲೆಕ್ಕವನ್ನು ಆ ಮಕ್ಕಳು ಮನಸ್ಸಿನಲ್ಲೇ ಮಾಡುತ್ತಿದ್ದರು. ಅಷ್ಟೇ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟರೆ ಬಹುತೇಕರು ಸೋತರು. ಶಾಲೆಯ ಮಕ್ಕಳು ಬರಹದ ಲೆಕ್ಕದಲ್ಲಿ ಮುಂದಿದ್ದರು, ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಶಾಲೆಗೂ ಸಂತೆಗೂ ನಡುವೆ ಸೇತುವೆ ತಾನಾಗಿ ಬೀಳುವುದಿಲ್ಲ, ಯಾರಾದರೂ ಕಟ್ಟಿಕೊಡಬೇಕು. ನಮ್ಮ ಮಗುವಿಗೆ ಮನೆ ಮತ್ತು ಶಾಲೆ ಎರಡು ಭಾಷೆಯ ಊರುಗಳು. ಆ ಸೇತುವೆ ಇಲ್ಲಿ ಇನ್ನೂ ಹೆಚ್ಚು ಬೇಕು.

ಆದರೆ ನಾವು ಮಾಡುತ್ತಿರುವುದೇನು? ಮಗುವನ್ನು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಸೇರಿಸಿದ ದಿನವೇ ‘ಇನ್ನು ಮನೆಯಲ್ಲಿ ಕನ್ನಡ ಬೇಡ, ಹುಡುಗನಿಗೆ ಗೊಂದಲವಾಗುತ್ತದೆ’ ಎಂದು ಅಜ್ಜಿಯ ಬಾಯಿ ಕಟ್ಟುತ್ತೇವೆ. ಅಜ್ಜಿಗೆ ಶಾಲೆಯ ಭಾಷೆ ಬಾರದು, ಹುಡುಗನಿಗೆ ಅಜ್ಜಿಯ ಭಾಷೆ ಬೇಡವಾಯಿತು. ‘ಏಳರ ಮುಂದ ಏನು?’ ಎಂದು ಕೇಳುವವರೇ ಮನೆಯಲ್ಲಿ ಇಲ್ಲದಂತಾಯಿತು. ಹೋದದ್ದು ಬರಿಯ ಭಾಷೆಯಲ್ಲ. ಮಗುವಿನ ಜೊತೆ ಕೂತು ಯೋಚಿಸುವ ಒಬ್ಬ ಮನುಷ್ಯ ಹೋದ ಹಾಗೆ. ಆ ಜಾಗವನ್ನು ಕೈಯಲ್ಲಿ ಕೊಟ್ಟ ಮೊಬೈಲು ತುಂಬಲಾರದು. ಮಗು ತಡವರಿಸಿದ ಕಡೆ ಅಜ್ಜಿ ನಿಲ್ಲುತ್ತಾಳೆ, ಮೊಬೈಲಿನ ಚಿತ್ರ ಮುಂದೆ ಓಡುತ್ತದೆ.

ನೀವು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಜೋಳ ಅಳೆಯುವಾಗ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ನಮ್ಮ ಹಿರಿಯರು ಮೊದಲ ಸೇರಿಗೆ ಒಂದು ಎನ್ನದೆ ‘ಲಾಭ’ ಎನ್ನುತ್ತಿದ್ದರು, ಹಾಗೇಕೆ ಎಂದು ಮಗು ಕೇಳಲಿ. ಬಿಡುವಿನಲ್ಲಿ ಚೌಕಾಬಾರ ಆಡಿ. ಮನೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದ ಮಗು ಕೆಲವು ದಿನಗಳಲ್ಲಿ ನೋಡಿದೊಡನೆ ಕಾಯಿ ನಡೆಸುವುದನ್ನು ಗಮನಿಸಿ. ಸಂತೆಗೆ ಕರೆದೊಯ್ದು ಚಿಲ್ಲರೆಯ ಲೆಕ್ಕ ಅದಕ್ಕೇ ಬಿಡಿ. ಮನೆಗೆ ಬಂದು ಅದೇ ಲೆಕ್ಕವನ್ನು ಪಾಟಿಯ ಮೇಲೆ ಬರೆಸಿ, ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಶಾಲೆಯ ಭಾಷೆಯಲ್ಲಿ ಹೇಳಿಸಿ. ತಪ್ಪಿದರೆ ಉತ್ತರ ಹೇಳಿಬಿಡಬೇಡಿ. ಮುಂದಿನ ಒಂದು ಹೆಜ್ಜೆ ಮಾತ್ರ ಕೇಳಿ.

ಶಾಲೆ ಯಾವ ಭಾಷೆಯದಾದರೂ ಇರಲಿ, ಅದು ನಿಮ್ಮ ನಿಮ್ಮ ಅನುಕೂಲ. ಮನೆಯಲ್ಲಿ ಮಾತ್ರ ಮಗುವಿನ ಜೊತೆ ನಿಮಗೆ ಚೆನ್ನಾಗಿ ಬರುವ ಮಾತಿನಲ್ಲೇ ಎಣಿಸಿ. ನಿಮಗೆ ಸರಿಯಾಗಿ ಬಾರದ ಭಾಷೆಯಲ್ಲಿ ನೀವು ಮಗುವಿಗೆ ಅಪ್ಪಣೆ ಕೊಡಬಹುದು, ಅದರ ಜೊತೆ ಯೋಚಿಸುವುದು ಕಷ್ಟ.